ಹತ್ತಿರದ ದಾರಿ: 1846ರ ಒಂದು ಗಾಡಿ ಪಯಣ, ನಮ್ಮ ಗಣಕಯಂತ್ರ ಕೊಠಡಿಯಲ್ಲಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಶಾಲೆಯ ಹಳೆಯ ದಿನಗಳ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದರು. ಆ ಕೆಲಸವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲೇ ಮಾಡಿದ್ದಾರೆ. ನಾನು 1988ರಿಂದ 22 ವರ್ಷ ಇಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿದವನು. ನಿವೃತ್ತಿಯಾದ ಮೇಲೂ ಸಂತೆಗೆ ಹೋಗುವಾಗ ಶಾಲೆಯ ಗೇಟು ಕಂಡರೆ ಕಾಲು ತಾನಾಗಿ ಒಳಕ್ಕೆ ತಿರುಗುತ್ತದೆ. ಹಾಗೆ ತಿರುಗಿದ್ದರಿಂದಲೇ ಕಳೆದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳ ಜೊತೆ ಐದು ಶನಿವಾರ ಕುಳಿತು, ಅಮೆರಿಕದಲ್ಲಿ 1846ರಲ್ಲಿ ನಡೆದ ಒಂದು ಎತ್ತಿನ ಗಾಡಿಗಳ ಪಯಣವನ್ನು ಗಣಕಯಂತ್ರದ ನಕ್ಷೆಯ ಮೇಲೆ ಹಿಂಬಾಲಿಸುವ ಅವಕಾಶ ಸಿಕ್ಕಿತು. ಅದನ್ನೇ ಬರೆಯುತ್ತೇನೆ. ನಡುವೆ ನನ್ನದೊಂದು ಹಳೆಯ ತಪ್ಪೂ ಬರುತ್ತದೆ. 1993ರ ತಂಡದವರು ಈ ಸಂಚಿಕೆಯನ್ನು ಖಂಡಿತ ಓದುತ್ತಾರೆ ಎಂಬುದನ್ನು ತಿಳಿದೇ ಬರೆಯುತ್ತಿದ್ದೇನೆ.

ಇದಕ್ಕೆ ಕಾರಣ ಒಂದು ಫೋಟೋ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾನೆ. ಸಂಸಾರ ಸಮೇತ ಒಂದು ಸರೋವರ ನೋಡಲು ಹೋದವನು ಅಲ್ಲಿನ ಸ್ಮಾರಕದ ಚಿತ್ರ ಕಳಿಸಿದ್ದ. ಎತ್ತರದ ಕಲ್ಲಿನ ಪೀಠ, ಅದರ ಮೇಲೆ ಒಂದು ಕುಟುಂಬದ ಕಂಚಿನ ಪ್ರತಿಮೆ. ಜೊತೆಗೆ ಒಂದು ಸಂದೇಶ: "ಸಾರ್, ಈ ಪೀಠ 22 ಅಡಿ ಇದೆ. ಆ ವರ್ಷ ಇಲ್ಲಿ ಅಷ್ಟು ಹಿಮ ಬಿದ್ದಿತ್ತಂತೆ. ಇವರ ಕತೆ ನಿಮಗೆ ಗೊತ್ತೇ?" ಅಲ್ಪಸ್ವಲ್ಪ ಗೊತ್ತಿತ್ತು. ಡಾನರ್ ತಂಡ ಎಂದು ಕರೆಯುವ 87 ಜನರ ಕತೆ ಅದು. ಸ್ಮಾರಕವನ್ನು ನಿಲ್ಲಿಸಿದ್ದು 1918ರಲ್ಲಿ.

ಹಿಂದೆ ನಾನು ದೂರ ಅಳೆಯುವುದನ್ನು ಕಲಿಸುತ್ತಿದ್ದದ್ದು ದಾರದಿಂದ. ಗೋಡೆಯ ನಕ್ಷೆಯಲ್ಲಿ ಕಾವೇರಿಯ ಉದ್ದಕ್ಕೂ ದಾರವನ್ನು ಬಳುಕಿಸಿ ಇಟ್ಟು, ಆಮೇಲೆ ಅದನ್ನು ನೇರ ಮಾಡಿ ಅಳತೆಪಟ್ಟಿಗೆ ಹಿಡಿಯುತ್ತಿದ್ದೆವು. ಈಗ ಶಾಲೆಗೆ ದಾನಿಗಳು ಕೊಟ್ಟ ಪ್ರೊಜೆಕ್ಟರ್ ಇದೆ, ಗೂಗಲ್ ಅರ್ಥ್ ಇದೆ. ಗೆರೆ ಎಳೆದರೆ ದೂರ ತಾನೇ ಬರುತ್ತದೆ, ಆ ಗೆರೆ ಎಲ್ಲೆಲ್ಲಿ ಏರಿ ಎಲ್ಲೆಲ್ಲಿ ಇಳಿಯುತ್ತದೆ ಎಂಬ ಚಿತ್ರವೂ ಕೆಳಗೆ ಮೂಡುತ್ತದೆ. ಅಮೆರಿಕ ಸರ್ಕಾರ 1992ರಲ್ಲಿ ಕ್ಯಾಲಿಫೋರ್ನಿಯಾ ಗಾಡಿದಾರಿಯನ್ನು ರಾಷ್ಟ್ರೀಯ ಐತಿಹಾಸಿಕ ಮಾರ್ಗವೆಂದು ಘೋಷಿಸಿದೆ. ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯವರು ಆ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ ಎಲ್ಲರಿಗೂ ನೋಡಲು ಇಟ್ಟಿದ್ದಾರೆ. ಇದ್ದ ತೊಂದರೆ ಒಂದೇ, ನಮ್ಮೂರಿನ ಇಂಟರ್ನೆಟ್. ರಾಕಿ ಪರ್ವತಗಳು ತೆರೆಯ ಮೇಲೆ ಮೂಡುವಷ್ಟರಲ್ಲಿ ಹಿಂದಿನ ಬೆಂಚಿನವರು ಒಂದು ಸುತ್ತು ನೀರು ಕುಡಿದು ಬರುತ್ತಿದ್ದರು.

ಮೊದಲ ಶನಿವಾರ ಹೊರಡುವ ಸಿದ್ಧತೆ. ಆಗ ಕ್ಯಾಲಿಫೋರ್ನಿಯಾ ಮೆಕ್ಸಿಕೋ ದೇಶಕ್ಕೆ ಸೇರಿತ್ತು. ಒಳ್ಳೆಯ ಭೂಮಿ ಸಿಗುತ್ತದೆಂಬ ಆಸೆಯಿಂದ ಪೂರ್ವದ ರೈತರು ಮನೆ ಮಾರಿ ಹೊರಡುತ್ತಿದ್ದರು. ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣದಿಂದ ಕ್ಯಾಲಿಫೋರ್ನಿಯಾದ ಸಟರ್ ಕೋಟೆಗೆ ಸುಮಾರು 2,000 ಮೈಲಿ, ಎಂದರೆ 3,200 ಕಿಲೋಮೀಟರ್. ನಾಲ್ಕು ಚಕ್ರದ, ಕ್ಯಾನ್ವಾಸ್ ಹೊದಿಸಿದ ಕಮಾನು ಗಾಡಿಗಳು. ಎಳೆಯುವುದು ಎತ್ತುಗಳು. ಗಂಟೆಗೆ ಎರಡು ಮೈಲಿ, ದಿನಕ್ಕೆ ಹದಿನೈದು ಮೈಲಿ ಸಾಗಿದರೆ ಒಳ್ಳೆಯ ದಿನ. ಗಾಡಿಯಲ್ಲಿ ಸಾಮಾನಿಗೇ ಜಾಗ ಸಾಲದು, ಹೆಚ್ಚಿನವರು ಪಕ್ಕದಲ್ಲಿ ನಡೆಯಬೇಕು.

"ಯಾವಾಗ ಹೊರಡಬೇಕು?" ಎಂದು ಕೇಳಿದೆ. ಎರಡನೇ ಸಾಲಿನಲ್ಲಿ ಕೂರುವ ಒಬ್ಬ ಹುಡುಗನ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿವೆ. ಅವನು ತಟಕ್ಕನೆ, "ಹುಲ್ಲು ಚಿಗುರಿದ ಮೇಲೆ ಸಾರ್. ಅಷ್ಟು ದೂರಕ್ಕೆ ಮೇವು ಹೇರಿಕೊಂಡು ಹೋಗಕ್ಕಾಗಲ್ಲ" ಎಂದ. ಅಷ್ಟೇ ಲೆಕ್ಕ. ವಸಂತದಲ್ಲಿ ಹುಲ್ಲು ಬರುವ ಮುಂಚೆ ಹೊರಟರೆ ಎತ್ತು ಸಾಯುತ್ತವೆ. ತಡ ಮಾಡಿದರೆ ಕೊನೆಯಲ್ಲಿರುವ ಸಿಯೆರಾ ನೆವಾಡ ಪರ್ವತದಲ್ಲಿ ಹಿಮ ಬಿದ್ದು ಕಣಿವೆ ಮುಚ್ಚುತ್ತದೆ. ನಡುವೆ ಇರುವ ನಾಲ್ಕೈದು ತಿಂಗಳಲ್ಲೇ ಮುಗಿಸಬೇಕು.

ಜಾರ್ಜ್ ಡಾನರ್, ಅವನ ತಮ್ಮ ಜೇಕಬ್, ಜೇಮ್ಸ್ ರೀಡ್ ಎಂಬ ಮೂವರ ಕುಟುಂಬಗಳು ಇಲಿನಾಯ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್‌ನಿಂದ 9 ಗಾಡಿಗಳಲ್ಲಿ ಏಪ್ರಿಲ್ ನಡುವೆ ಹೊರಟವು. ಮುಂದೆ ದಾರಿಯಲ್ಲಿ ಬೇರೆಯವರು ಸೇರಿಕೊಂಡು 87 ಜನರಾದರು. ಅವರಲ್ಲಿ ಅರ್ಧದಷ್ಟು 18 ವರ್ಷದೊಳಗಿನವರು. ಈ ಮಾತು ಹೇಳಿದ ಮೇಲೆ ತರಗತಿ ಸ್ವಲ್ಪ ಮುಂದಕ್ಕೆ ಬಾಗಿ ಕುಳಿತಿತು. ಜಾರ್ಜ್ ಡಾನರನ ಹೆಂಡತಿ ಟ್ಯಾಮ್ಸನ್ ಶಾಲಾ ಶಿಕ್ಷಕಿ. ಕ್ಯಾಲಿಫೋರ್ನಿಯಾದಲ್ಲಿ ಶಾಲೆ ತೆರೆಯಬೇಕೆಂದು ಪುಸ್ತಕ, ಬರೆಯುವ ಸಾಮಗ್ರಿ ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡಿದ್ದಳು.

ಪ್ಲಾಟ್ ನದಿಯ ದಂಡೆ ಹಿಡಿದು ಹೋಗುವ ಮೊದಲ ಭಾಗವನ್ನು ನಾವು ಬೇಗ ದಾಟಿದೆವು. ಬಯಲು, ನದಿ, ಮತ್ತೆ ಬಯಲು. ವಯೋಮಿಂಗಿನ ಗರ್ನ್ಸಿ ಎಂಬಲ್ಲಿ ಮಾತ್ರ ನಿಂತೆವು. ಸಾವಿರಾರು ಗಾಡಿಗಳ ಚಕ್ರ ಉಜ್ಜಿ ಉಜ್ಜಿ ಅಲ್ಲಿ ಬಂಡೆಯೇ ಕಾಲುವೆಯಂತೆ ಸವೆದಿದೆ. ಹಂಪಿಯ ಕಲ್ಲುಹಾಸಿನ ಮೇಲಿನ ಗಾಡಿ ಗುರುತುಗಳನ್ನು ಪ್ರವಾಸದಲ್ಲಿ ನೋಡಿದ್ದ ಮಕ್ಕಳಿಗೆ ಅದು ಕೂಡಲೇ ಅರ್ಥವಾಯಿತು.

ಎರಡನೆಯ ಶನಿವಾರ ನಾನೊಂದು ಪರೀಕ್ಷೆ ಮಾಡಿದೆ. ಮುಂದೇನಾಯಿತೆಂದು ಹೇಳದೆ, ವಯೋಮಿಂಗಿನಿಂದ ನೆವಾಡದ ಹಂಬೋಲ್ಟ್ ನದಿಯವರೆಗೆ ಎರಡು ಗೆರೆ ಎಳೆಸಿದೆ. ಒಂದು ಹಳೆಯ ದಾರಿ, ವಾಯವ್ಯಕ್ಕೆ ಫೋರ್ಟ್ ಹಾಲ್‌ವರೆಗೆ ಏರಿ ಮತ್ತೆ ನೈಋತ್ಯಕ್ಕೆ ಇಳಿಯುವ ದೊಡ್ಡ ಬಳಸು. ಇನ್ನೊಂದು ಫೋರ್ಟ್ ಬ್ರಿಡ್ಜರ್‌ನಿಂದ ಪಶ್ಚಿಮಕ್ಕೆ, ಗ್ರೇಟ್ ಸಾಲ್ಟ್ ಲೇಕ್ ಸರೋವರದ ದಕ್ಷಿಣದಿಂದ ಸೀದಾ ಹೋಗುವ ಗೆರೆ. ಯಾವುದರಲ್ಲಿ ಹೋಗುತ್ತೀರಿ? ಇಡೀ ತರಗತಿ ಸೀದಾ ಗೆರೆಗೆ ಕೈ ಎತ್ತಿತು, ಹಳ್ಳಿಕಾರ್ ಎತ್ತಿನ ಹುಡುಗನೊಬ್ಬನನ್ನು ಬಿಟ್ಟು. ಅವನು ಕೇಳಿದ: "ಆ ಗೆರೆಯಲ್ಲಿ ನೀರೆಲ್ಲಿದೆ ಸಾರ್?"

ಆ ಪ್ರಶ್ನೆಯನ್ನು 1846ರಲ್ಲೂ ಒಬ್ಬರು ಕೇಳಿದ್ದರು. ಸೀದಾ ದಾರಿಯನ್ನು ಹೇಳಿಕೊಟ್ಟವನು ಲ್ಯಾನ್ಸ್‌ಫೋರ್ಡ್ ಹೇಸ್ಟಿಂಗ್ಸ್ ಎಂಬ ವಕೀಲ. 1845ರಲ್ಲಿ ಆತನ ಮಾರ್ಗದರ್ಶಿ ಪುಸ್ತಕ ಅಚ್ಚಾಯಿತು. ಅದರಲ್ಲಿ ಈ ಹತ್ತಿರದ ದಾರಿಗೆ ಸಿಕ್ಕಿದ್ದು ಅತಿ ಚಿಕ್ಕ ಉಲ್ಲೇಖ. ಬರೆಯುವಾಗ ಆತ ಆ ದಾರಿಯಲ್ಲಿ ಹೋಗಿಯೇ ಇರಲಿಲ್ಲ. 1846ರ ವಸಂತದಲ್ಲಿ ಮೊದಲ ಸಲ, ಪಶ್ಚಿಮದಿಂದ ಪೂರ್ವಕ್ಕೆ ಹಾಯ್ದ, ಅದೂ ಗಾಡಿಯಿಲ್ಲದೆ. ಆಗ ಆತನ ಜೊತೆ ಜೇಮ್ಸ್ ಕ್ಲೈಮನ್ ಎಂಬ ಹಳೆಯ ಬೆಟ್ಟಗಾಡಿನ ಮನುಷ್ಯನೂ ಇದ್ದ. ಜೂನ್ ಕೊನೆಯಲ್ಲಿ ಫೋರ್ಟ್ ಲಾರಮಿಯ ಬಳಿ ಕ್ಲೈಮನನಿಗೂ ರೀಡನಿಗೂ ಭೇಟಿಯಾಯಿತು. ಇಬ್ಬರೂ ಹಳೆಯ ಪರಿಚಯದವರು. 1832ರ ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಅಬ್ರಹಾಂ ಲಿಂಕನ್ ಇದ್ದ ತುಕಡಿಯಲ್ಲೇ ಇವರೂ ಇದ್ದರು. ಗಾಡಿಗಳನ್ನು ಆ ಕಡೆ ಒಯ್ಯಬೇಡ, ಹಳೆಯ ದಾರಿ ಬಿಡಬೇಡ ಎಂದು ಕ್ಲೈಮನ್ ಸ್ಪಷ್ಟವಾಗಿ ಹೇಳಿದ. ಅಷ್ಟು ಬಳಸು ಏಕೆ, ಹತ್ತಿರದ ದಾರಿಯೊಂದಿದೆಯಲ್ಲ ಎಂಬುದು ರೀಡನ ವಾದ. ಕಾಲಲ್ಲಿ ನಡೆದು ಬಂದವನು ಎದುರಿಗೇ ಕುಳಿತಿದ್ದಾನೆ; ನಂಬಿದ್ದು ಅಚ್ಚಾದ ಪುಸ್ತಕವನ್ನು.

ಇಲ್ಲಿಗೆ ಬಂದಾಗ ನಾನು ಪಾಠ ನಿಲ್ಲಿಸಬೇಕಾಯಿತು.

1993ರ ಡಿಸೆಂಬರಿನಲ್ಲಿ ನಾನು 41 ಮಕ್ಕಳನ್ನು ನಮ್ಮ ಬೆಟ್ಟದ ಸಾಲಿಗೆ ಚಾರಣಕ್ಕೆ ಕರೆದೊಯ್ದಿದ್ದೆ. ಸಂಜೆ ಬೆಟ್ಟದ ಆಚೆ ಬದಿಯ ಗುಡಿಯ ಹತ್ತಿರ ಬಸ್ಸು ಕಾಯುತ್ತಿತ್ತು. ಬಳಸು ದಾರಿಯಲ್ಲಿ ಎರಡು ಗಂಟೆಗೂ ಹೆಚ್ಚಿನ ನಡಿಗೆ. ನನ್ನ ಕೈಯಲ್ಲಿ ಸರ್ವೇ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆ ಇತ್ತು, ಅದನ್ನು ಓದಬಲ್ಲೆನೆಂಬ ಜಂಬವೂ ಇತ್ತು. ಕಣಿವೆಯ ಮೂಲಕ ಸೀದಾ ಇಳಿದರೆ ಮುಕ್ಕಾಲು ಗಂಟೆ ಎಂದು ಲೆಕ್ಕ ಹಾಕಿದೆ. ಇಳಿಯುವ ಜಾಗದಲ್ಲಿ ಒಬ್ಬರು ವಯಸ್ಸಾದ ಕುರಿಗಾಹಿ ಕುಳಿತಿದ್ದರು. "ಆ ಕಡೆ ಕೊರಕಲು ಐತೆ ಮೇಷ್ಟ್ರೇ. ಮಕ್ಳನ್ನ ಕಟ್ಕಂಡು ಹೋಗ್ಬ್ಯಾಡಿ" ಎಂದರು. ನಾನು ನಕ್ಷೆ ಬಿಚ್ಚಿ ಅವರಿಗೇ ತೋರಿಸಿದೆ! ಅವರು ಅದನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದರು. ಅರ್ಧ ಇಳಿದ ಮೇಲೆ ಬಂಡೆ ಕಡಿದು ನಿಂತಿತ್ತು. ಹಿಂದಕ್ಕೆ ಹತ್ತಲು ಕತ್ತಲಾಗುತ್ತಿತ್ತು. ನೀರು ಮುಗಿದಿತ್ತು. ಒಬ್ಬ ಹುಡುಗಿಯ ಕಾಲು ಉಳುಕಿತು. ರಾತ್ರಿ ಒಂಬತ್ತೂವರೆಗೆ ಹಳ್ಳಿಯವರು ಟಾರ್ಚು, ಲಾಟೀನು ಹಿಡಿದು ಬಂದು ನಮ್ಮನ್ನು ಕರೆದೊಯ್ದರು. ಅವರನ್ನು ಕರೆತಂದವರು ಅದೇ ಕುರಿಗಾಹಿ. ಯಾರಿಗೂ ದೊಡ್ಡ ಅಪಾಯವಾಗಲಿಲ್ಲ. ದಾರಿ ತಪ್ಪಿತು ಎಂದು ಎಲ್ಲರಿಗೂ ಹೇಳಿದೆ. ತಂದೆತಾಯಂದಿರು ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಹೋಗಬೇಡಿ ಎಂದು ಒಬ್ಬರು ಮೊದಲೇ ಹೇಳಿದ್ದರೆಂಬುದನ್ನು ನಾನು ಆವತ್ತಿನಿಂದ ಈ ಎರಡನೆಯ ಶನಿವಾರದವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಮುಂದೆ ಸಾಲಾಗಿ ಇಳಿಯುತ್ತಿದ್ದ ಮಕ್ಕಳಿಗೆ ಆ ಮಾತು ಕೇಳಿಸಿತ್ತೋ ಇಲ್ಲವೋ.

ಮತ್ತೆ ನಕ್ಷೆಗೆ ಬರೋಣ. ಜುಲೈ 20ರ ಹೊತ್ತಿಗೆ ಲಿಟಲ್ ಸ್ಯಾಂಡಿ ಎಂಬ ಹೊಳೆಯ ದಂಡೆಯಲ್ಲಿ ಗಾಡಿಗಳ ಸಾಲು ಎರಡಾಯಿತು. ಹೆಚ್ಚಿನವರು ಹಳೆಯ ದಾರಿಗೆ ತಿರುಗಿದರು. ಉಳಿದವರು ಜಾರ್ಜ್ ಡಾನರನನ್ನು ನಾಯಕನೆಂದು ಆರಿಸಿಕೊಂಡು ಎಡಕ್ಕೆ ಹೊರಟರು. ಎಲ್ಲರೂ ಉತ್ಸಾಹದಲ್ಲಿದ್ದಾಗ ಟ್ಯಾಮ್ಸನ್ ಮಾತ್ರ ಮುಖ ಬಾಡಿಸಿಕೊಂಡಿದ್ದಳೆಂದು ಸಹಪಯಣಿಗರೊಬ್ಬರು ಬರೆದಿಟ್ಟಿದ್ದಾರೆ. ಜುಲೈ 31ಕ್ಕೆ ಫೋರ್ಟ್ ಬ್ರಿಡ್ಜರ್ ಬಿಟ್ಟರು. ತಾನೇ ಮುಂದೆ ನಿಂತು ದಾರಿ ತೋರಿಸುವುದಾಗಿ ಹೇಳಿದ್ದ ಹೇಸ್ಟಿಂಗ್ಸ್ ಅಷ್ಟರಲ್ಲಿ ಬೇರೊಂದು ದೊಡ್ಡ ತಂಡದ ಜೊತೆ ಹೊರಟುಹೋಗಿದ್ದ. ಇವರಿಗೆ ಸಿಕ್ಕಿದ್ದು ಆಗಸ್ಟ್ 6ರಂದು ಪೊದೆಗೆ ಸಿಕ್ಕಿಸಿಟ್ಟಿದ್ದ ಆತನ ಚೀಟಿ. ವೀಬರ್ ಕಣಿವೆ ಗಾಡಿಗೆ ಕಷ್ಟ, ಯಾರನ್ನಾದರೂ ಕಳಿಸಿ, ಬೇರೆ ದಾರಿ ಹೇಳುತ್ತೇನೆ ಎಂದು. ರೀಡ್ ಕುದುರೆಯ ಮೇಲೆ ಹೋಗಿ ಆತನನ್ನು ಹಿಡಿದ. ಆತ ಒಂದು ಶಿಖರದ ಮೇಲಿಂದ ಕೈ ಮಾಡಿ ಹೀಗೆ ಬನ್ನಿ ಎಂದು ತೋರಿಸಿ ಹಿಂತಿರುಗಿದ.

ಈ ಭಾಗವನ್ನು ಮಕ್ಕಳು ಬಹಳ ಹೊತ್ತು ನೋಡಿದರು. ವಾಸಾಚ್ ಪರ್ವತ ಸಾಲಿನಲ್ಲಿ ಸುಮಾರು 58 ಕಿಲೋಮೀಟರ್. ಈಗ ಕಾರಿನಲ್ಲಿ ಒಂದು ಗಂಟೆಯೂ ಬೇಡವೆಂದು ತೆರೆ ಹೇಳುತ್ತದೆ. ಅವರಿಗೆ ಎರಡು ವಾರಕ್ಕೂ ಹೆಚ್ಚು ಹಿಡಿಯಿತು, ಏಕೆಂದರೆ ದಾರಿಯೇ ಇರಲಿಲ್ಲ. ಮರ ಕಡಿದು, ಪೊದೆ ಸವರಿ, ಬಂಡೆ ಉರುಳಿಸಿ ಮಾಡಿಕೊಳ್ಳಬೇಕಿತ್ತು. ನಾವು ಗೆರೆ ಎಳೆದಾಗ ಕೆಳಗೆ ಮೂಡಿದ ಏರಿಳಿತದ ಚಿತ್ರ ಗರಗಸದ ಹಲ್ಲಿನಂತಿತ್ತು. ಕೊನೆಯ ಎಮಿಗ್ರೇಷನ್ ಕಣಿವೆಯ ಬಾಯಲ್ಲಿ ಪೊದೆ ಕಡಿದು ಕಡಿದು ಬೇಸತ್ತು, ಪಕ್ಕದ ಕಡಿದಾದ ದಿಬ್ಬದ ಮೇಲೆಯೇ ಗಾಡಿ ಹತ್ತಿಸಿದರು. ಒಂದೊಂದು ಗಾಡಿಗೂ ಹೆಚ್ಚುಕಡಿಮೆ ಇದ್ದ ಎತ್ತುಗಳನ್ನೆಲ್ಲ ಹೂಡಬೇಕಾಯಿತು. ಮರುವರ್ಷ, 1847ರ ಜುಲೈನಲ್ಲಿ, ಮಾರ್ಮನ್ ಪಂಥದವರು ಇದೇ ಜಾಡಿನಲ್ಲಿ ಬಂದರು. ಆ ದಿಬ್ಬ ಹತ್ತದೆ ಕೆಳಗಿನ ಪೊದೆಯನ್ನು ಸುಮಾರು ನಾಲ್ಕು ಗಂಟೆಯಲ್ಲಿ ಸವರಿ ಹೊರಬಂದರು. ಅವರು ಅಲ್ಲಿ ಕಟ್ಟಿದ್ದೇ ಇಂದಿನ ಸಾಲ್ಟ್ ಲೇಕ್ ಸಿಟಿ. ಡಾನರ್ ತಂಡ ಕಡಿದ ದಾರಿ ಉಪಯೋಗಕ್ಕೆ ಬಂತು, ಬೇರೆಯವರಿಗೆ.

ಮೂರನೆಯ ಶನಿವಾರ ಉಪ್ಪಿನ ಮರುಭೂಮಿ. ತೆರೆಯ ಮೇಲೆ ಅದು ಬಿಳಿ ಹಾಳೆ ಹಾಸಿದಂತೆ ಕಾಣುತ್ತದೆ. ಅದರ ಅಂಚಿಗೆ ಬರುವ ಮುಂಚೆ ಒಂದು ಬುಗ್ಗೆಯ ಹತ್ತಿರ ಹಲಗೆಯೊಂದು ಸಿಕ್ಕಿತು. ಅದಕ್ಕೆ ಅಂಟಿಸಿದ್ದ ಕಾಗದವನ್ನು ಹಕ್ಕಿಗಳು ಕುಕ್ಕಿ ಹರಿದಿದ್ದವು. ಟ್ಯಾಮ್ಸನ್ ನೆಲದ ಮೇಲೆ ಕುಳಿತು ಚೂರುಗಳನ್ನು ಜೋಡಿಸಿ ಓದಿದಳು: ಮುಂದಿನ ನೀರಿಗೆ ಎರಡು ಹಗಲು, ಎರಡು ರಾತ್ರಿ ಬಿಡದೆ ನಡೆಯಬೇಕು. ಹೇಸ್ಟಿಂಗ್ಸ್ ಹೇಳಿದ್ದು 40 ಮೈಲಿ. ಇದ್ದದ್ದು ಅದರ ಎರಡು ಪಟ್ಟು, ಸುಮಾರು 130 ಕಿಲೋಮೀಟರ್. ಮೇಲೆ ಉಪ್ಪಿನ ಹೆಪ್ಪು, ಕೆಳಗೆ ಕೆಸರು. ಬಿಸಿಲೇರಿದಂತೆ ಚಕ್ರಗಳು ಅದರಲ್ಲಿ ಹೂತವು. ಮೂರನೆಯ ದಿನದ ಹೊತ್ತಿಗೆ ನೀರು ಮುಗಿಯಿತು. ಎತ್ತುಗಳ ನೊಗ ಬಿಚ್ಚಿ ನೀರಿನ ಕಡೆ ಹೊಡೆದುಕೊಂಡು ಹೋಗುವಾಗ ಅವು ಹುಚ್ಚೆದ್ದು ಓಡಿದವು.

"ಬಾಯಾರಿದ ಎತ್ತು ನೀರಿನ ವಾಸನೆ ಹಿಡಿದರೆ ಮೂಗುದಾರಕ್ಕೂ ನಿಲ್ಲಲ್ಲ" ಎಂದ ನಮ್ಮ ಹುಡುಗ. ಹಾಗೆಯೇ ಆಯಿತು. ಅನೇಕ ದನಗಳು ಹೋದವು, ಅವುಗಳಲ್ಲಿ ಬಹಳಷ್ಟು ರೀಡನವು. ನಾಲ್ಕು ಗಾಡಿಗಳನ್ನು ಅಲ್ಲೇ ಬಿಡಬೇಕಾಯಿತು. 1986ರಲ್ಲಿ ಪುರಾತತ್ತ್ವಜ್ಞರು ಆ ಉಪ್ಪಿನಲ್ಲಿ ಅಗೆದಾಗ ಗಾಡಿಗಳ ಅವಶೇಷ ಸಿಕ್ಕಿತು. ಇವತ್ತು ಅದರ ದಕ್ಷಿಣಕ್ಕೆ ಇಂಟರ್‌ಸ್ಟೇಟ್ 80 ಎಂಬ ಹೆದ್ದಾರಿ ಗೆರೆ ಎಳೆದಂತೆ ಹೋಗುತ್ತದೆ.

ಆಮೇಲೆ ರೂಬಿ ಪರ್ವತಗಳನ್ನು ದಕ್ಷಿಣದಿಂದ ಸುತ್ತಿ, ಸೆಪ್ಟೆಂಬರ್ 26ಕ್ಕೆ ಹಂಬೋಲ್ಟ್ ನದಿಯ ಹತ್ತಿರ ಹಳೆಯ ದಾರಿಗೇ ಬಂದು ಸೇರಿದರು. ಹಳೆಯ ದಾರಿ ಹಿಡಿದವರು ವಾರಗಳ ಹಿಂದೆಯೇ ಅಲ್ಲಿಂದ ದಾಟಿದ್ದರು. ಹಸಿವು, ದಣಿವು, ಒಬ್ಬರ ಮೇಲೊಬ್ಬರಿಗೆ ಸಿಟ್ಟು. ಎತ್ತು ಹೊಡೆಯುವ ವಿಷಯದಲ್ಲಿ ಜಗಳವಾಗಿ ರೀಡ್ ಒಬ್ಬ ಗಾಡಿಯಾಳನ್ನು ಇರಿದು ಕೊಂದ. ತಂಡ ಅವನನ್ನು ಹೊರಹಾಕಿತು. ತಂಡ ಬಿಟ್ಟು ಮುಂದೆ ಹೋಗಬೇಕಾದ ಕಾರಣಕ್ಕೇ ಅವನು ಹಿಮ ಬೀಳುವ ಮೊದಲು ಪರ್ವತ ದಾಟಿ, ಅಕ್ಟೋಬರ್ 28ಕ್ಕೆ ಸಟರ್ ಕೋಟೆ ಸೇರಿದ. ಮುಂದೆ ಹಿಂತಿರುಗಿ ಬಂದು ಒಂದು ರಕ್ಷಣಾ ತಂಡವನ್ನು ನಡೆಸಿದವನೂ ಅವನೇ.

ಉಳಿದವರು ಅಕ್ಟೋಬರ್ ಕೊನೆಗೆ ಸರೋವರ ತಲುಪಿದರು. ಡಾನರ್ ಕುಟುಂಬ ಇನ್ನೂ ಆರು ಮೈಲಿ ಹಿಂದೆ ಆಲ್ಡರ್ ಕ್ರೀಕ್ ಬಳಿ ಇತ್ತು. ಗಾಡಿಯ ಅಚ್ಚು ಮುರಿದು, ಹೊಸ ಅಚ್ಚು ಕೆತ್ತುವಾಗ ಜಾರ್ಜ್ ಡಾನರನ ಕೈಗೆ ಉಳಿ ತಾಗಿತ್ತು. ಆ ಗಾಯ ಮಾಯಲೇ ಇಲ್ಲ. ಮುಂದಿನ ಕಣಿವೆಮಾರ್ಗ ಸುಮಾರು 7,000 ಅಡಿ ಎತ್ತರದ್ದು. ಹತ್ತಲು ನೋಡಿದರು, ಹಿಮ ಬಿಡಲಿಲ್ಲ. ಆ ವರ್ಷ ಹಿಮ ಬೇಗ ಬಂದಿತ್ತು.

ಮುಂದಿನ ನಾಲ್ಕು ತಿಂಗಳ ಕತೆಯನ್ನು ಮಕ್ಕಳಿಗೆ ನಾನು ಸ್ವಲ್ಪದರಲ್ಲೇ ಹೇಳಿದೆ. ದನಗಳನ್ನು ತಿಂದರು, ಚರ್ಮ ಬೇಯಿಸಿ ತಿಂದರು, ಕೊನೆಗೆ ಕೆಲವರು ಸತ್ತವರ ದೇಹವನ್ನೂ ತಿಂದರು. ಡಿಸೆಂಬರ್ 16ರಂದು 17 ಜನ ಹಿಮದ ಮೆಟ್ಟು ಕಟ್ಟಿಕೊಂಡು ಸಹಾಯ ತರಲು ಹೊರಟರು. ಇಬ್ಬರು ಹಿಂತಿರುಗಿದರು. 33 ದಿನಗಳ ನಂತರ ಊರು ಮುಟ್ಟಿದವರು ಏಳು ಮಂದಿ, ಐವರು ಹೆಂಗಸರೂ ಬದುಕಿದರು, ಗಂಡಸರಲ್ಲಿ ಇಬ್ಬರು. ಆ ತಂಡದಲ್ಲಿ ಲೂಯಿಸ್, ಸಾಲ್ವಡಾರ್ ಎಂಬ ಇಬ್ಬರು ಮಿವೋಕ್ ಮೂಲನಿವಾಸಿಗಳಿದ್ದರು. ಸಟರ್ ಕೋಟೆಯಿಂದ ಇವರಿಗೆ ಆಹಾರ ಹೊತ್ತು ತಂದವರು ಅವರು. ಹಸಿದವರು ತಿನ್ನುವುದಕ್ಕಾಗಿ ಗುಂಡಿಟ್ಟು ಕೊಂದದ್ದು ಅವರಿಬ್ಬರನ್ನು. ಇಡೀ ಕತೆಯಲ್ಲಿ ಇದಕ್ಕಿಂತ ಕೆಟ್ಟ ಸಂಗತಿ ನನಗೆ ಕಾಣುವುದಿಲ್ಲ. ನಕ್ಷೆಯಲ್ಲಿ ಡಾನರ್ ಸರೋವರವಿದೆ, ಡಾನರ್ ಪಾಸ್ ಇದೆ. ಲೂಯಿಸ್, ಸಾಲ್ವಡಾರ್ ಹೆಸರನ್ನು ಮಕ್ಕಳು ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಸರೋವರದ ಸುತ್ತಲ ನೆಲ ತಲೆತಲಾಂತರದಿಂದ ವಾಶೋ ಜನರದು. ಸಿಕ್ಕಿಬಿದ್ದವರಿಗೆ ತಮ್ಮ ಹಿರಿಯರು ಆಹಾರ ಇಟ್ಟುಹೋಗಲು ನೋಡಿದ್ದರೆಂದು ಅವರ ಬಾಯಿಮಾತಿನ ಚರಿತ್ರೆ ಹೇಳುತ್ತದೆ.

ಫೆಬ್ರವರಿ 1847ರಲ್ಲಿ ಮೊದಲ ರಕ್ಷಣಾ ತಂಡ ತಲುಪಿತು. ಏಪ್ರಿಲ್‌ನಲ್ಲಿ ಕೊನೆಯವನನ್ನು ಕರೆತಂದರು. 87ರಲ್ಲಿ 48 ಮಂದಿ ಉಳಿದರು. ಟ್ಯಾಮ್ಸನ್ ತನ್ನ ಮೂವರು ಹೆಣ್ಣುಮಕ್ಕಳನ್ನು ರಕ್ಷಕರ ಜೊತೆ ಕಳಿಸಿ, ಸಾಯುತ್ತಿದ್ದ ಗಂಡನ ಬಳಿ ತಾನು ಉಳಿದಳು. ಅವಳು ಬದುಕಲಿಲ್ಲ. ಅವಳ ಶಾಲೆಯೂ ಆಗಲಿಲ್ಲ. ರೀಡನ ಕುಟುಂಬದವರು ಎಲ್ಲರೂ ಉಳಿದರು. ಎಂಟು ವರ್ಷದ ಪ್ಯಾಟಿ ಬಚ್ಚಿಟ್ಟುಕೊಂಡು ತಂದ ಬೆರಳುದ್ದದ ಮರದ ಗೊಂಬೆ ಇಂದಿಗೂ ಉಳಿದಿದೆ. ಆ ಸರೋವರದಿಂದ ಸಟರ್ ಕೋಟೆಗೆ, ಎಂದರೆ ಇಂದಿನ ಸ್ಯಾಕ್ರಮೆಂಟೋಗೆ, ಕಾರಿನಲ್ಲಿ ಎರಡು ಗಂಟೆಯೊಳಗೆ ಹೋಗಬಹುದೆಂದು ತೆರೆ ತೋರಿಸಿತು. ಯಾರೂ ಮಾತಾಡಲಿಲ್ಲ.

ಐದನೆಯ ಶನಿವಾರ ಪಾಠ ಮುಗಿದಿತ್ತು, ಆದರೂ ಮಕ್ಕಳು ಏಳಲಿಲ್ಲ. ಎತ್ತಿನ ಹುಡುಗ ಮೌಸ್ ಹಿಡಿದು ಅಮೆರಿಕದಿಂದ ಗರಗರನೆ ಭೂಗೋಳ ತಿರುಗಿಸಿ ನಮ್ಮ ಬೆಟ್ಟದ ಮೇಲೆ ತಂದು ನಿಲ್ಲಿಸಿದ. "ಸಾರ್, ನೀವು ಇಳಿದದ್ದು ಎಲ್ಲಿ?" ನಾನು ತೋರಿಸಿದೆ. ಅವನು ಗೆರೆ ಎಳೆದ. ಕೆಳಗೆ ಚಿತ್ರ ಮೂಡಿತು, ಅರ್ಧದಲ್ಲಿ ಗೋಡೆಯ ಹಾಗೆ ಕಡಿದು ಇಳಿಯಿತು. ಅವತ್ತು ನನ್ನ ಕೈಯಲ್ಲಿದ್ದ ನಕ್ಷೆಯಲ್ಲೂ ಅಲ್ಲಿ ಕಂದು ಗೆರೆಗಳು ಒತ್ತೊತ್ತಾಗಿಯೇ ಇದ್ದವು. ಓದಲು ಬಾರದವನೇನೂ ಆಗಿರಲಿಲ್ಲ ನಾನು. ಹತ್ತಿರ ಎಂಬುದನ್ನು ಮಾತ್ರ ಓದಿದ್ದೆ.

ಒಬ್ಬ ಹುಡುಗಿ ಕಣಿವೆಯ ತಲೆಯಲ್ಲಿ, ಕುರಿಗಾಹಿ ಕುಳಿತಿದ್ದ ಜಾಗದಲ್ಲಿ, ಒಂದು ಗುರುತು ಹಾಕಿದಳು. ಹೆಸರು ಬರೆಯಲು ಚೌಕ ತೆರೆಯಿತು. "ಅವರ ಹೆಸರೇನು ಸಾರ್?" ಎಂದು ಕೇಳಿದಳು. ನಾನು ಅವತ್ತು ಕೇಳಿರಲಿಲ್ಲ. ಆ ರಾತ್ರಿ ಲಾಟೀನು ಹಿಡಿದು ಮುಂದೆ ನಡೆದವರನ್ನೂ ಕೇಳಲಿಲ್ಲ. ಕೆಲವು ವರ್ಷ ಬಿಟ್ಟು ಒಮ್ಮೆ ಆ ಹಳ್ಳಿಗೆ ಹೋದಾಗ, ಅವರು ತೀರಿಕೊಂಡರೆಂದು ಯಾರೋ ಅಂದರು. ಆಗಲೂ ಹೆಸರು ಕೇಳದೆ ಬಂದೆ.

1993ರ ತಂಡದವರೇ, ನಿಮ್ಮಲ್ಲಿ ಕೆಲವರು ಅದೇ ಹಳ್ಳಿಯ ಕಡೆಯವರು. ಯಾರಿಗಾದರೂ ಅವರ ಹೆಸರು ಗೊತ್ತಿದ್ದರೆ ಶಾಲೆಗೆ ಒಂದು ಸಾಲು ಬರೆದು ತಿಳಿಸಿ. ಗಣಕಯಂತ್ರ ಕೊಠಡಿಯ ಮೂರನೆಯ ಕಂಪ್ಯೂಟರಿನಲ್ಲಿ ಆ ಗುರುತನ್ನು ಮಕ್ಕಳು ಉಳಿಸಿಟ್ಟಿದ್ದಾರೆ. ಹೆಸರಿನ ಜಾಗ ಇನ್ನೂ ಖಾಲಿ ಇದೆ.